ಬೆಲ್ಲದ ಗಡಿಗೆ

ಹಳ್ಳದ ಈಚೆ ದಂಡೆಯಲ್ಲಿ ಮಠ, ಆಚೆ ದಂಡೆಯಲ್ಲಿ ಊರು.

ಬೇಸಿಗೆಯಲ್ಲಿ ಆ ಹಳ್ಳ ಬರೀ ಮರಳಿನ ದಾರಿ. ಮಳೆಗಾಲದಲ್ಲಿ ಮಾತ್ರ ಅದು ಯಾರ ಮಾತನ್ನೂ ಕೇಳುವುದಿಲ್ಲ. ಹಿಂದಿನ ವರ್ಷ ಇಬ್ಬರನ್ನು ಕೊಚ್ಚಿಕೊಂಡು ಹೋಗಿತ್ತು. ಮಠದ ಹಿರಿಯರಾದ ನಿರಂಜನಜ್ಜರು ಮೂರು ಕಮಾನಿನ ಕಲ್ಲು ಸೇತುವೆಯೊಂದನ್ನು ಕಟ್ಟಿಬಿಡೋಣ ಎಂದರು. ಕೆಲಸದ ಉಸ್ತುವಾರಿಯನ್ನು ಶಿಷ್ಯ ಸಂಗಯ್ಯನಿಗೆ ಒಪ್ಪಿಸಿದರು.

ಒಪ್ಪಿಸುವಾಗ ಒಂದು ಗಡಿಗೆ ಬೆಲ್ಲವನ್ನೂ ಕೈಗಿಟ್ಟರು.

"ಇದ್ಯಾಕ್ರಿ ಅಜ್ಜಾರ?"

"ಕಲ್ಲು ಹಗ್ಗದ ಮ್ಯಾಲಿದ್ದಾಗ ಯಾರಿಗರ ಏನರ ತಪ್ಪು ಕಂಡ್ರ ‘ತಡಿ’ ಅಂತ ಕೂಗ್ಲಿ. ಕೂಗಿದ ಕೂಡ್ಲೆ ಎಲ್ಲಾರೂ ಇದ್ದಲ್ಲೇ ನಿಲ್ಲಬೇಕು. ಕೂಗಿದವರಿಗೆ ಒಂದ್ ಚೂರು ಬೆಲ್ಲ ಕೊಡು."

"ಏನೂ ತಪ್ಪಿಲ್ದ ಸುಮ್ಮನ ಕೂಗಿದ್ರ?"

"ಅವಾಗೂ ಕೊಡು."

ಸಂಗಯ್ಯನಿಗೆ ಇದು ಅಷ್ಟಾಗಿ ಹಿಡಿಸಲಿಲ್ಲ. ಆದರೂ ತಲೆಬಾಗಿ ಗಡಿಗೆ ಹೊತ್ತುಕೊಂಡು ಬಂದ.

ಕಲ್ಲು ಕಟೆಯಲು ಬಂದವರಲ್ಲಿ ಬಂಕಣ್ಣ ಎಲ್ಲರಿಗಿಂತ ಮೇಲು. ಸುತ್ತ ಹತ್ತೂರಿನಲ್ಲಿ ಅಂಥ ಕೈ ಇನ್ನೊಂದಿರಲಿಲ್ಲ. ಅವನು ದಾರ ಹಿಡಿಯುತ್ತಿರಲಿಲ್ಲ, ಕಣ್ಣಲ್ಲೇ ಅಳೆಯುತ್ತಿದ್ದ. ಅವನು ಕೂರಿಸಿದ ಎರಡು ಕಲ್ಲುಗಳ ನಡುವೆ ಗರಿಕೆಯ ಎಸಳು ಕೂಡ ತೂರುತ್ತಿರಲಿಲ್ಲ.

ಇನ್ನೊಂದು ಮಾತನ್ನು ಸುತ್ತಿ ಬಳಸಿ ಹೇಳುವುದು ಬೇಡ. ಬಂಕಣ್ಣ ಜನರನ್ನು ಹಿಂಸಿಸುತ್ತಿದ್ದ. ಅದು ಅವನಿಗೆ ರುಚಿಸುತ್ತಿತ್ತು ಕೂಡ.

ಫಕೀರಪ್ಪ ಎಂಬ ಮುದುಕ ಕಲ್ಲುಕುಟಿಗ ಒಂದು ಕಲ್ಲನ್ನು ಎರಡು ದಿನ ಕೂತು ಕೆತ್ತಿ ಮುಗಿಸಿದ. ಬಂಕಣ್ಣ ಬಂದು ನೋಡಿದ. ಇದ್ದಿಲಿನಿಂದ ಅದರ ಮೇಲೆ ಅಡ್ಡ ಗೀಟು ಎಳೆದ.

"ಇದನ್ನ ನಾಯಿ ಕಟ್ಟಾಕ ಇಟಗೋ," ಎಂದ.

ಮುದುಕ ಉಳಿ, ಸುತ್ತಿಗೆಗಳನ್ನು ಚೀಲಕ್ಕೆ ತುಂಬಿಕೊಂಡು ಹೋದವನು ಮತ್ತೆ ಬರಲಿಲ್ಲ.

ಸಂಗಯ್ಯ ಸುಮ್ಮನಿದ್ದ. ಕಲ್ಲು ನಿಜಕ್ಕೂ ಒಂದು ನೂಲಿನಷ್ಟು ಹೆಚ್ಚಿತ್ತು.

ಮೊದಲ ಕಮಾನು ಏಳುವಾಗ ದಿನಕ್ಕೆ ಹತ್ತು ಸಲವಾದರೂ ಯಾರಾದರೂ "ತಡಿ" ಎನ್ನುತ್ತಿದ್ದರು. ರಾಟೆ ನಿಲ್ಲುತ್ತಿತ್ತು, ಕಲ್ಲು ಗಾಳಿಯಲ್ಲಿ ತೂಗುತ್ತಿತ್ತು. ಎಂಟು ಸಲ ಏನೂ ಇರುತ್ತಿರಲಿಲ್ಲ. ಸಂಗಯ್ಯ ಬೆಲ್ಲ ಕೊಡುತ್ತಿದ್ದ, ಬಂಕಣ್ಣ ಹಲ್ಲು ಕಡಿಯುತ್ತಿದ್ದ.

ಒಂದು ದಿನ ಬಂಕಣ್ಣ ಸಂಗಯ್ಯನನ್ನು ಬದಿಗೆ ಕರೆದ.

"ಸಂಗಯ್ಯಾರ, ಈ ಕಾಗಿಗೋಳ ಬಾಯಿ ಮುಚ್ಚಸ್ರಿ. ಬೆಲ್ಲದ ಆಶೇಕ ಕೂಗತಾವು. ನಿಮಗ ಮಳಿಗಿಂತ ಮೊದ್ಲ ಸೇತುವಿ ಬೇಕೋ ಬ್ಯಾಡೋ?"

"ಬೇಕಲ್ಲ."

"ಹಂಗಾದ್ರ ನನ್ನ ಪಾಡಿಗೆ ನನ್ನ ಬಿಡ್ರಿ."

ಬಂಕಣ್ಣ ಮಿಕ್ಕವರನ್ನೆಲ್ಲ ಏಕವಚನದಲ್ಲಿ ಕರೆಯುತ್ತಿದ್ದ. ತನ್ನನ್ನು ಮಾತ್ರ "ಸಂಗಯ್ಯಾರ" ಎನ್ನುತ್ತಾನೆ ಎಂಬುದು ಸಂಗಯ್ಯನಿಗೆ ಒಳಗೊಳಗೇ ಹಿತವಾಗಿತ್ತು. ಅವನು ಮರುದಿನ ಎಲ್ಲರನ್ನೂ ಸೇರಿಸಿ ಹೊಸ ಕಟ್ಟಳೆ ಹೇಳಿದ. ತಪ್ಪು ಕಂಡವರು ಮೊದಲು ಬಂಕಣ್ಣನಿಗೆ ತಿಳಿಸಬೇಕು. ಬಂಕಣ್ಣ ಹೌದೆಂದರೆ ಆಮೇಲೆ ಕೂಗಬಹುದು.

ಬೆಲ್ಲದ ಗಡಿಗೆ ಸಾಮಾನಿನ ಕೋಣೆಯ ಮೂಲೆ ಸೇರಿತು.

ಎರಡನೆಯ ಕಮಾನು ಮೊದಲನೆಯದಕ್ಕೆ ಹಿಡಿದ ದಿನಗಳ ಅರ್ಧದಲ್ಲೇ ಎದ್ದು ನಿಂತಿತು. ಊರಿನ ಪರಪ್ಪಗೌಡ ಬಂದು ಸಂಗಯ್ಯನ ಬೆನ್ನು ತಟ್ಟಿ ಹೋದ. ಸಂಗಯ್ಯ ನೆಲದಿಂದ ಒಂದು ಗೇಣು ಮೇಲೆಯೇ ನಡೆದಾಡತೊಡಗಿದ.

ಅಜ್ಜರು ಒಂದು ಬೆಳಿಗ್ಗೆ ಕೋಲೂರಿಕೊಂಡು ಬಂದರು. ಕಲ್ಲಿನ ರಾಶಿಯ ಮೇಲೆ ಕೂತು ಬಹಳ ಹೊತ್ತು ಕಿವಿಗೊಟ್ಟರು. ರಾಟೆ ಕಿರುಗುಟ್ಟುತ್ತಿತ್ತು, ಉಳಿಗಳು ಟಣ್ ಟಣ್ ಎನ್ನುತ್ತಿದ್ದವು.

"ಮಂದಿ ದನಿನ ಇಲ್ಲಲ್ಲೋ ಸಂಗಯ್ಯ."

"ಹೌದ್ರಿ ಅಜ್ಜಾರ. ಈಗ ಎಲ್ಲಾರೂ ಶಿಸ್ತಿಗೆ ಬಂದಾರ."

"ಗಡಿಗಿ ತಗೊಂಡ್ ಬಾ."

ಸಂಗಯ್ಯ ತಂದ. ಗಡಿಗೆಯ ತುಂಬ ಬೆಲ್ಲ. ಅಂಚಿನಲ್ಲಿ ಇರುವೆಗಳ ಸಾಲು.

"ಯಾರೂ ತಿಂದಿಲ್ಲ?"

"ತಿನ್ನೋ ಪ್ರಸಂಗ ಬಂದಿಲ್ರಿ. ತಿಂಗಳಾತು, ಒಂದು ತಪ್ಪಿಲ್ಲ."

"ಇಷ್ಟು ಮಂದಿ, ಇಷ್ಟು ಕಲ್ಲು. ತಿಂಗಳಗಟ್ಟಲೆ ಒಂದು ತಪ್ಪಿಲ್ಲ." ಅಜ್ಜರು ಗಡಿಗೆಯೊಳಗೆ ಇಣುಕಿದರು. "ಇರಿವಿಗೋಳು ಶಾಣ್ಯಾ ಅದಾವ. ಕೇಳಿ ತಿನ್ನೂದಿಲ್ಲ ಅವು."

ಅಷ್ಟು ಹೇಳಿ ಎದ್ದು ಹೋದರು. ಸಂಗಯ್ಯ ಅದನ್ನು ಹೊಗಳಿಕೆ ಎಂದೇ ತಿಳಿದ.

ಗಡಿಗೆಯನ್ನು ಒಳಗಿಡುವುದು ಅವನಿಗೆ ಮರೆತುಹೋಯಿತು. ಅದು ಅಲ್ಲೇ, ಕಲ್ಲಿನ ರಾಶಿಯ ಬಳಿ ಉಳಿಯಿತು.

ಗಾರೆಯ ಬುಟ್ಟಿ ಹೊರುತ್ತಿದ್ದ ದ್ಯಾಮವ್ವ ಅದನ್ನು ನೋಡಿದಳು. ನಲವತ್ತರ ಹೆಂಗಸು, ಕಣ್ಣು ಬಲು ಚುರುಕು. ಹಿಂದಿನ ವರ್ಷ ಹಳ್ಳ ಒಯ್ದ ಇಬ್ಬರಲ್ಲಿ ಒಬ್ಬ ಅವಳ ಅಣ್ಣ. ಗಡಿಗೆ ಹೊರಗೆ ಬಂದಿದೆ ಎಂದರೆ ಹಳೆಯ ಕಟ್ಟಳೆಯೂ ಬಂತು ಎಂದುಕೊಂಡಳು. ಮಧ್ಯಾಹ್ನ ಕಲ್ಲು ಏರುತ್ತಿದ್ದಾಗ ಕೂಗಿಯೇಬಿಟ್ಟಳು.

"ತಡಿ!"

ರಾಟೆ ನಿಂತಿತು. ಬಂಕಣ್ಣ ಮೇಲಿನಿಂದ ಇಳಿದು ಬಂದ.

"ಏನವಾ?"

"ಹಗ್ಗದಾಗ ಒಂದ್ ಎಳಿ ಬಿಚ್ಚಿದಂಗ ಕಾಣತೈತ್ರಿ."

ಬಂಕಣ್ಣ ಹಗ್ಗವನ್ನು ತಡವಿದ. ಎದ್ದು ನಿಂತಿದ್ದ ಒಂದು ನಾರನ್ನು ಕಿತ್ತು, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ.

"ಇದು ಹಗ್ಗದ್ದೋ ನಿನ್ನ ತಲಿದೋ?"

ಆಮೇಲೆ ಗಡಿಗೆಗೆ ಕೈ ಹಾಕಿ ಒಂದು ಚೂರು ಬೆಲ್ಲ ತೆಗೆದು, ಅವಳ ಕಾಲ ಬುಡದ ಗಾರೆ ಕೆಸರಿಗೆ ಎಸೆದ.

"ತಗೋ. ಇದಕ್ಕಲ್ಲೇನು ಕೂಗಿದ್ದು? ತಿನ್ನು."

ಜನ ನಕ್ಕರು. ನಗದವರ ಸರದಿ ನಾಳೆ ಬರುತ್ತದೆಂದು ಅವರಿಗೆ ಗೊತ್ತಿತ್ತು. ಸಂಗಯ್ಯನ ತುಟಿಯಂಚಿನಲ್ಲೂ ಒಂದು ನಗೆ ಬಂದು ಹೋಯಿತು.

ದ್ಯಾಮವ್ವ ಅವನ ಕಡೆಗೇ ನೋಡುತ್ತಿದ್ದಳು. ಬಗ್ಗಿ ಬೆಲ್ಲ ಎತ್ತಿಕೊಂಡಳು. ಅದನ್ನು ಒರೆಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮತ್ತೆ ಬುಟ್ಟಿ ಹೊತ್ತಳು.

ಅದಾದ ಮೂರನೆಯ ದಿನ, ಮುಂದಿನ ಕಮಾನಿನ ಬುಡದ ಕಂಬಕ್ಕೆಂದು ಒಂದು ದೊಡ್ಡ ಕಲ್ಲನ್ನು ಮರದ ದಿಮ್ಮಿಗಳ ಮೇಲೆ ಉರುಳಿಸಿಕೊಂಡು ರಾಟೆಯ ಬುಡಕ್ಕೆ ತಂದು ನಿಲ್ಲಿಸಿದ್ದರು. ದಿಮ್ಮಿ ಜಾರದಂತೆ ಒಂದು ಬೆಣೆ ಬಡಿದಿದ್ದರು. ಹಗ್ಗ ಬಿಗಿಯಿತು, ಕಲ್ಲು ಅಲುಗಿತು. ಬೆಣೆ ಮೆಲ್ಲಗೆ ಹೊರಬರುತ್ತಿರುವುದು ದ್ಯಾಮವ್ವನಿಗೆ ಕಂಡಿತು.

ಅವಳು ಬಾಯಿ ತೆರೆದಳು. ಮೇಲೆ ನಿಂತಿದ್ದ ಬಂಕಣ್ಣನನ್ನು ನೋಡಿದಳು. ಬಾಯಿ ಮುಚ್ಚಿದಳು.

ಬುಟ್ಟಿ ಇಳಿಸಿ, ಬಗ್ಗಿ, ಬೆಣೆಯನ್ನು ತಾನೇ ಒಳಗೆ ತಳ್ಳಲು ಕೈ ಹಾಕಿದಳು. ಬೆಣೆ ಚಿಮ್ಮಿತು, ದಿಮ್ಮಿ ಅವಳ ಕೈ ಮೇಲೆ ಜಾರಿತು.

ಕಲ್ಲು ಕೂತಿತು.

ಮಠದ ಪಡಸಾಲೆಯಲ್ಲಿ ಅವಳ ಎರಡು ಬೆರಳು ಹೋದ ಕೈಗೆ ಬಟ್ಟೆ ಸುತ್ತಿ ಮಲಗಿಸಿದ್ದರು. ಸಂಗಯ್ಯ ಪಕ್ಕದಲ್ಲಿ ಕೂತ.

"ಯಾಕ ಕೂಗ್ಲಿಲ್ಲ ದ್ಯಾಮವ್ವ? ಒಂದ್ ಮಾತು. ಒಂದ ಒಂದ್ ಮಾತು ಕೂಗಿದ್ರ ಸಾಕಿತ್ತಲ್ಲ!"

ದ್ಯಾಮವ್ವ ತೊಲೆಗಳನ್ನು ನೋಡುತ್ತ ಹೇಳಿದಳು:

"ಕೈ ಹೋದ್ರ ಒಂದ್ ಸಲ ನೋಯ್ತೈತ್ರಿ ಅಯ್ಯಾರ."

ಸಂಗಯ್ಯ ಅಲ್ಲಿಂದ ಎದ್ದವನು ನೇರವಾಗಿ ಅಜ್ಜರ ಮುಂದೆ ಹೋಗಿ ನಿಂತ.

"ಅಜ್ಜಾರ, ತಪ್ಪೆಲ್ಲಾ ಬಂಕಣ್ಣಂದು. ನೀವು ಒಂದ್ ಮಾತು ಹೇಳ್ರಿ ಅವಗ. ನಿಮ್ಮ ಮಾತು ಮೀರೂದಿಲ್ಲ ಅಂವ."

"ಅಂವ ಬೆಲ್ಲ ಒಗದಾಗ ನೀ ಎಲ್ಲಿದ್ದಿ?"

"ಅಲ್ಲೇ ಇದ್ದೆ."

"ಏನ್ ಮಾಡಿದಿ?"

ಸಂಗಯ್ಯ ನೆಲ ನೋಡಿದ. ಅಜ್ಜರಿಗೆ ಯಾವ ಅವಸರವೂ ಇರಲಿಲ್ಲ.

"ನಕ್ಕೆ."

"ಹೂಂ. ಇಷ್ಟು ದಿನದಾಗ ನೀ ಎಷ್ಟು ಸಲ ‘ತಡಿ’ ಅಂದಿ?"

"ಒಂದ್ ಸಲಾನೂ ಇಲ್ರಿ."

"ಯಾಕ?"

"ಅಂವ ಸಿಟ್ಟಾಗಿ ಹೋದ್ರ ಮೂರನೇ ಕಮಾನು..."

"ಕಮಾನಿನ ಸುದ್ದಿ ಕೇಳ್ಲಿಲ್ಲ ನಾ."

ಸಂಗಯ್ಯನ ಕಣ್ಣು ತುಂಬಿ ಬಂತು. ತಿಂಗಳಿಂದ ತನಗೆ ತಾನೇ ಹೇಳಿಕೊಳ್ಳದ ಮಾತು ಆಗ ಹೊರಬಿತ್ತು.

"ಅವನ್ನ ಕಂಡ್ರ ನನಗೂ ಹೆದರಿಕಿ ಅಜ್ಜಾರ."

ಅಜ್ಜರು ಕೆಲಸದ ಜಾಗದಿಂದ ತರಿಸಿ ಮೂಲೆಯಲ್ಲಿಟ್ಟಿದ್ದ ಗಡಿಗೆಯನ್ನು ಅವನ ಕಡೆಗೆ ಸರಿಸಿದರು.

"ನಾಳೆ ನೀ ಒಂದ್ ಸಲ ಕೂಗಿ ನೋಡು. ಗಂಟಲಾಗ ಎಷ್ಟು ಕಲ್ಲು ಸಿಕ್ಕೊಂಡಾವ ಅನ್ನೂದು ಗೊತ್ತಾಗತೈತಿ."

ಮರುದಿನ ಬೆಳಿಗ್ಗೆ ಕೆಲಸ ಎಂದಿನಂತೆ ಶುರುವಾಯಿತು. ರಕ್ತ ಬಿದ್ದಲ್ಲಿ ಯಾರೋ ಮರಳು ಸುರಿದಿದ್ದರು. ಮೂರನೆಯ ಕಮಾನಿನ ಮೊದಲ ಕಲ್ಲು ಹಗ್ಗದ ಮೇಲಿತ್ತು. ಬಂಕಣ್ಣ ಮೇಲೆ ನಿಂತು ಕೈಸನ್ನೆ ಮಾಡುತ್ತಿದ್ದ. ಎಂಥ ಕೈ ಅದು! ಅಷ್ಟು ತೂಕದ ಕಲ್ಲು ಅವನ ಬೆರಳಿನ ಸನ್ನೆಗೆ ಸಾಕಿದ ಕರುವಿನಂತೆ ತಿರುಗುತ್ತಿತ್ತು.

ಸಂಗಯ್ಯ ಕೂಗಲೆಂದು ಒಂದು ಹೆಜ್ಜೆ ಮುಂದೆ ಬಂದ. ಒಮ್ಮೆ ಪ್ರಯತ್ನಿಸಿದ, ದನಿ ಹೊರಡಲಿಲ್ಲ. ಎರಡನೆಯ ಸಲ ಬರೀ ಕೆಮ್ಮು ಬಂತು. ದ್ಯಾಮವ್ವ ಹೊರುತ್ತಿದ್ದ ಬುಟ್ಟಿ ಪಕ್ಕದಲ್ಲೇ ಬೋರಲು ಬಿದ್ದಿತ್ತು. ಅದನ್ನು ನೋಡಿದ.

"ತಡಿ!"

ದನಿ ಹಳ್ಳದ ಆಚೆ ದಂಡೆಗೂ ಕೇಳಿಸಿತು. ರಾಟೆ ನಿಂತಿತು. ಉಳಿಗಳು ನಿಂತವು.

"ಏನಾತ್ರಿ ಸಂಗಯ್ಯಾರ? ಎಲ್ಲೈತಿ ತಪ್ಪು?"

"ಕಲ್ಲಾಗ ಇಲ್ಲ."

"ಹಗ್ಗದಾಗೇನು?"

"ಹಗ್ಗಾನೂ ನೆಟ್ಟಗೈತಿ. ತಪ್ಪು ನಿನ್ನಾಗ ಐತಿ, ನನ್ನಾಗ ಐತಿ. ಕೆಳಗ ಇಳಿ."

ಕಲ್ಲನ್ನು ನೆಲಕ್ಕಿಳಿಸಿದರು. ಬಂಕಣ್ಣ ಇಳಿದು ಬಂದ. ಮುಖದಲ್ಲಿ ಇನ್ನೂ ನಗುವಿತ್ತು.

ಸಂಗಯ್ಯ ಗಡಿಗೆಯನ್ನು ಎಲ್ಲರ ನಡುವೆ ತಂದಿಟ್ಟ. ಬಂಕಣ್ಣನ ಕಡೆ ತಿರುಗಿ ಹೇಳಿದ.

"ಇವತ್ತಿಂದ ಯಾರು ಬೇಕಾದ್ರೂ ಕೂಗಬಹುದು. ನಿನ್ನ ಕೇಳಬೇಕಿಲ್ಲ, ನನ್ನ ಕೇಳಬೇಕಿಲ್ಲ. ಕೂಗಿದವರಿಗೆ ಬೆಲ್ಲ. ಮದ್ಲ ನೀನು ಪಡಸಾಲಿಗೆ ನಡಿ. ದ್ಯಾಮವ್ವಗ ನಿನ್ನ ಕೈಯಾರೆ ಒಂದ್ ಚೂರು ಬೆಲ್ಲ ಕೊಟ್ಟು, ತಪ್ಪಾತು ಅನ್ನು. ನಿನ್ನ ಹಿಂದ ನಾನೂ ಬರ್ತೀನಿ. ನಾನೂ ಹೇಳೂದೈತಿ."

ಬಂಕಣ್ಣನ ನಗು ಆರಿತು.

"ನಾ ಆಕಿ ಕೈ ಹಿಡದು ಬೆಣಿ ಕೆಳಗ ಇಟ್ಟಿನೇನು?"

"ಇಲ್ಲ. ಆಕಿ ಬಾಯಿ ಮುಚ್ಚಿಸಿದಿ."

"ಹತ್ತು ಸಲ ಸುಳ್ಳ ಕೂಗತಾರ. ಹತ್ತು ಸಲಾನೂ ನನ್ನ ಕೈ ಕೆಡತೈತಿ. ಈ ಎರಡು ಕಮಾನು ಯಾರ ಕೂಗಿನಿಂದ ನಿಂತಾವ? ಹೇಳ್ರಿ! ನನ್ನ ಕೈಯಿಂದ ನಿಂತಾವ."

ಅದು ನಿಜವಾಗಿತ್ತು.

ಬಂಕಣ್ಣ ಗಡಿಗೆಯನ್ನು ಕಾಲ ತುದಿಯಿಂದ ಮುಟ್ಟಿದ.

"ಒಂದ್ ಮಾತು ಹೇಳ್ರಿ ಸಂಗಯ್ಯಾರ. ನಾ ಇರಬೇಕೋ, ಈ ಗಡಿಗಿ ಇರಬೇಕೋ?"

ಮಳೆಗೆ ಎರಡು ತಿಂಗಳಿತ್ತು. ಮೂರನೆಯ ಕಮಾನು ಇನ್ನೂ ಬರೀ ಮರದ ಆಸರೆ. ಕೆಲಸದವರೆಲ್ಲ ಸಂಗಯ್ಯನ ಮುಖ ನೋಡುತ್ತಿದ್ದರು. ಬಂಕಣ್ಣ ಹೋದರೆ ಈ ವರ್ಷ ಸೇತುವೆ ಇಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಗಡಿಗಿ ಇರತೈತಿ," ಎಂದ.

ಬಂಕಣ್ಣ ತಾನು ಕಟೆದ ಕಲ್ಲಿನ ಮೇಲೆ ಅಂಗೈ ಸವರಿದ. ನಿಂತ ಎರಡು ಕಮಾನುಗಳನ್ನು ನೋಡಿದ. ಆ ನೋಟದಲ್ಲಿ ಸುಳ್ಳಿರಲಿಲ್ಲ. ಆಮೇಲೆ ಬಂಕಣ್ಣ ಉಳಿಗಳನ್ನು ಬಾಚಿಕೊಂಡು ಹಳ್ಳದ ಮರಳಿಗಿಳಿದು ಹೊರಟುಹೋದ. ಹಿಂತಿರುಗಿ ನೋಡಲಿಲ್ಲ.

ಸಂಗಯ್ಯ ಪಡಸಾಲೆಗೆ ಒಬ್ಬನೇ ಹೋದ.

ದ್ಯಾಮವ್ವ ಅವನು ಕೊಟ್ಟ ಬೆಲ್ಲವನ್ನು ತಗೊಳ್ಳಲಿಲ್ಲ. ಸೆರಗಿನ ಗಂಟು ಬಿಚ್ಚಿ, ಗಾರೆ ಹತ್ತಿದ ಹಳೆಯ ಚೂರನ್ನು ಅವನ ಕೈಗಿಟ್ಟಳು.

"ಇದನ್ನ ನೀವು ತಿನ್ರಿ."

ಸಂಗಯ್ಯ ಅವಳ ಎದುರಿಗೇ ತಿಂದ. ಸುಣ್ಣಕ್ಕೆ ನಾಲಿಗೆ ಸುಟ್ಟಿತು. ಪೂರ್ತಿ ತಿಂದ ಮೇಲೆ ದ್ಯಾಮವ್ವ ಹೊಸ ಚೂರಿಗೆ ಎಡಗೈ ಒಡ್ಡಿದಳು.

ಸುದ್ದಿ ಕೇಳಿ ಪರಪ್ಪಗೌಡ ಉರಿದುಕೊಂಡು ಬಂದ.

"ಒಬ್ಬ ಹೆಣ್ಮಗಳ ಎರಡು ಬೆರಳಿಗಾಗಿ ಊರನ್ನ ನೀರಾಗ ಬಿಟ್ರೇನ್ರಿ?"

ಸಂಗಯ್ಯ ಈ ಸಲ ನೆಲ ನೋಡಲಿಲ್ಲ.

"ಹೌದ್ರಿ ಗೌಡ್ರ. ಒಬ್ಬ ಹೆಣ್ಮಗಳ ಎರಡು ಬೆರಳಿಗಾಗಿ."

"ಅಜ್ಜಾರ, ಕೇಳಿದ್ರ್ಯಾ ನಿಮ್ಮ ಶಿಷ್ಯಾ ಹೇಳೂದು?"

"ಕೇಳಿದೆ," ಎಂದರು ಅಜ್ಜರು. "ಇವತ್ತು ದನಿ ಚಲೋ ಕೇಳಸ್ತು."

ಮಳೆ ಬಂತು. ಸೇತುವೆ ಆಗಿರಲಿಲ್ಲ. ಮೂರನೆಯ ಕಮಾನಿನ ಮರದ ಆಸರೆಯನ್ನು ಹಳ್ಳ ಒಂದೇ ದಿನದಲ್ಲಿ ಒಯ್ದಿತು.

ಆ ಮಳೆಗಾಲ ಪೂರ್ತಿ ಸಂಗಯ್ಯ ಮತ್ತು ಕೆಲಸದವರು ಹಳ್ಳಕ್ಕೆ ಅಡ್ಡವಾಗಿ ಹಗ್ಗ ಕಟ್ಟಿ, ತೆಪ್ಪದಲ್ಲಿ ಜನರನ್ನು ದಾಟಿಸಿದರು. ಎದೆಮಟ್ಟದ ನೀರಿನಲ್ಲಿ ನಿಂತು ಸಂಗಯ್ಯನ ಕಾಲು ಕೊಳೆತವು. ಊರಿನ ಕೆಲವರು ಬೈಯುತ್ತಲೇ ದಾಟಿದರು. ಮೂರು ಬೆರಳಿನ ಕೈಯನ್ನು ಹಣೆಗೆ ಹಿಡಿದು ದ್ಯಾಮವ್ವ ದಂಡೆಯ ಮೇಲೆ ನಿಂತು ನೀರು ನೋಡುತ್ತಿದ್ದಳು. ಮೇಲಿನಿಂದ ಮರ ತೇಲಿ ಬಂದಂತೆ ಕಂಡರೆ "ತಡಿ" ಎನ್ನುತ್ತಿದ್ದಳು. ಎಷ್ಟೋ ಸಲ ಅದು ಬರೀ ನೊರೆಯಾಗಿರುತ್ತಿತ್ತು. ಆದರೂ ತೆಪ್ಪ ನಿಲ್ಲುತ್ತಿತ್ತು.

ಆ ವರ್ಷ ಹಳ್ಳ ಯಾರನ್ನೂ ಒಯ್ಯಲಿಲ್ಲ.

ನೀರಿಳಿದ ಮೇಲೆ ಸಂಗಯ್ಯ ಫಕೀರಪ್ಪನ ಮನೆಗೆ ಹೋಗಿ ಕಾಲು ಹಿಡಿದ. ಮುದುಕ ಮೂರು ಸಲ ಬೈದು, ನಾಲ್ಕನೆಯ ಸಲ ಚೀಲ ಎತ್ತಿಕೊಂಡ.

ಮೂರನೆಯ ಕಮಾನು ಬಲು ನಿಧಾನವಾಗಿ ಏರಿತು. ಮೊದಲ ದಿನ ಹತ್ತೊಂಬತ್ತು ಕೂಗು. ಹದಿನಾರು ಸಲ ಏನೂ ಇರಲಿಲ್ಲ. ಒಂದು ಸಲ ಬೆಣೆ ಸಡಿಲವಾಗಿತ್ತು, ಒಂದು ಸಲ ಕಲ್ಲಿನಲ್ಲಿ ಕೂದಲೆಳೆಯ ಬಿರುಕಿತ್ತು. ಇನ್ನೊಂದು ಸಲ ಕೆಲಸದವನೊಬ್ಬ ಮುಖ ಕೆಂಪಾಗಿಸಿಕೊಂಡು, "ನಾನ ತಪ್ಪು ಅಳತಿ ಕೊಟ್ಟೇನ್ರಿ," ಎಂದ. ಅವನಿಗೆ ಫಕೀರಪ್ಪ ಎರಡು ಚೂರು ಕೊಡಿಸಿದ.

ಗಡಿಗೆ ಮೂರು ಸಲ ಖಾಲಿಯಾಯಿತು. ಇರುವೆಗಳಿಗೆ ಏನೂ ಸಿಗಲಿಲ್ಲ.

ಕಮಾನು ಚೆಂದವೇನೂ ಇರಲಿಲ್ಲ. ಮೊದಲೆರಡರ ಪಕ್ಕದಲ್ಲಿ ಅದು ಒರಟಾಗಿ ಕಾಣುತ್ತಿತ್ತು. ಕಲ್ಲು ಕಲ್ಲಿನ ನಡುವೆ ಗರಿಕೆಯಷ್ಟೇ ಏನು, ಬೆರಳಿನ ಉಗುರೂ ತೂರುತ್ತಿತ್ತು. ಅಲ್ಲೆಲ್ಲ ದ್ಯಾಮವ್ವ ಗಾರೆ ತುಂಬಿದ್ದಳು.

ಕೊನೆಗೆ ನೆತ್ತಿಯ ಕಲ್ಲು ಕೂತಿತು. ಉಳಿದದ್ದು ಒಂದೇ ಕೆಲಸ. ಕೆಳಗಿನ ಮರದ ಆಸರೆಯ ಬೆಣೆಗಳನ್ನು ಬಡಿದು ಬಿಡಿಸಬೇಕು. ಆಸರೆ ಕಳಚಿದ ಮೇಲೆ ಕಮಾನು ತನ್ನ ಕಾಲ ಮೇಲೆ ತಾನು ನಿಲ್ಲಬೇಕು, ಇಲ್ಲ ಬೀಳಬೇಕು.

ಆ ಬೆಳಿಗ್ಗೆ ಪರಪ್ಪಗೌಡ ಅವಸರದಲ್ಲಿ ಬಂದ.

"ಸಂಗಯ್ಯಾರ, ಬಂಕಣ್ಣ ಹೇಳಿ ಕಳಿಸ್ಯಾನ. ಇವತ್ತೊಂದಿನ ಬಂದು ಆಸರೆ ಬಿಡಿಸಿ ಕೊಡತಾನಂತ. ಬೀಳದಂಗ ಬಿಡಿಸೂದು ಅವಗ ಗೊತ್ತೈತಿ. ಒಂದ ಕರಾರು. ಅಂವ ಕೆಲಸ ಮಾಡುವಾಗ ಈ ಮಂದಿ ಯಾರೂ ಇಲ್ಲಿರಬಾರ್ದು, ಬಾಯಿ ತೆಗಿಬಾರ್ದು."

ಕೆಲಸದವರೆಲ್ಲ ಕೇಳಿಸಿಕೊಂಡರು.

ಸಂಗಯ್ಯ ಕಮಾನನ್ನು ನೋಡಿದ. ಎರಡು ವರ್ಷದ ಬೆವರು ಅದು. ಒಂದು ದಿನ, ಒಂದೇ ಒಂದು ದಿನ ಎಲ್ಲರೂ ಬಾಯಿ ಮುಚ್ಚಿಕೊಂಡರೆ ಅದು ಖಂಡಿತ ನಿಲ್ಲುತ್ತಿತ್ತು. ಆ ಆಸೆ ಅವನ ಗಂಟಲವರೆಗೂ ಬಂತು. ದ್ಯಾಮವ್ವನ ಕಡೆ ನೋಡಿದ. ಅವಳು ಅವನನ್ನೇ ನೋಡುತ್ತಿದ್ದಳು, ಬೆಲ್ಲ ಕೆಸರಿಗೆ ಬಿದ್ದ ದಿನ ನೋಡಿದ ಹಾಗೆ.

"ಗೌಡ್ರ, ಅವಗ ಹೇಳಿ ಕಳಸ್ರಿ. ಬರೂದಾದ್ರ ಬರಲಿ, ಸುತ್ತಿಗಿ ಕೊಡತೀನಿ. ದ್ಯಾಮವ್ವ ‘ತಡಿ’ ಅಂದ್ರ ನಿಲ್ಲಬೇಕು. ನಿಲ್ಲೂದಿಲ್ಲಂದ್ರ ಬರೂದು ಬ್ಯಾಡ."

"ಅಂವ ಬರೂದಿಲ್ಲ."

"ಗೊತ್ತೈತ್ರಿ."

ಗೌಡ ತಲೆ ಚಚ್ಚಿಕೊಂಡು ದಂಡೆಗೆ ಹೋಗಿ ಕೂತ.

ಜನರು ತಮ್ಮ ತಮ್ಮ ಜಾಗಕ್ಕೆ ಹೋದರು. ಫಕೀರಪ್ಪ ಒಂದು ಬದಿಯ ಸಂದುಗಳ ಮೇಲೆ ಕಣ್ಣಿಟ್ಟ. ದ್ಯಾಮವ್ವ ಇನ್ನೊಂದು ಬದಿಗೆ ನಿಂತಳು. ಅಷ್ಟೂ ಜನ ಕಮಾನಿನ ಒಂದೊಂದು ಕಲ್ಲನ್ನು ತಮ್ಮದೆಂದು ಆರಿಸಿಕೊಂಡು ನೋಡುತ್ತಿದ್ದರು.

ಸಂಗಯ್ಯ ಕೆಳಗಿಳಿದು ಮೊದಲ ಬೆಣೆಯ ಮುಂದೆ ಸುತ್ತಿಗೆ ಎತ್ತಿದ. ಕೈ ಅಲ್ಲೇ ನಿಂತಿತು. ದಂಡೆಯ ಮೇಲೆ ಕೋಲೂರಿಕೊಂಡು ನಿಂತಿದ್ದ ಅಜ್ಜರ ಕಡೆ ತಿರುಗಿದ.

"ಅಜ್ಜಾರ, ಬಿದ್ರ?"

"ಬೀಳ್ಲಿ," ಎಂದರು ಅಜ್ಜರು. "ಈಗ ಕೂಗೋರು ಅದಾರಲ್ಲ."